ಹನ್ನೆರಡನೇ ತಿಂಗಳ ಇಪ್ಪತ್ತು

ಮೆಯ್ಜಿ ಐದನೆಯ ವರ್ಷ, ಹತ್ತನೆಯ ತಿಂಗಳು, ಹತ್ತೊಂಬತ್ತು
ನಾಗಾಸಾಕಿ, ಮಾರುಯಾಮಾ ಕೇರಿ, ಇಸೊನೊ ಮನೆ

ಅವ್ವಾ,

ಇದನ್ನು ಗುಡಿಯ ಜುನ್ಕೈ ಗುರುಗಳು ನಿನಗೆ ಓದಿ ಹೇಳುತ್ತಾರೆ. ಗುರುಗಳೇ, ನಮಸ್ಕಾರ. ಕಳೆದ ಸಲದ ಹಾಗೆ ಅಲ್ಲಲ್ಲಿ ನುಂಗಬೇಡಿ. ತೊರಾಕಿಚಿ ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿ.

ಸರ್ಕಾರ ನಮ್ಮನ್ನು ಬಿಟ್ಟಿದೆ.

ಮೊನ್ನೆ ಬೆಳಗ್ಗೆ ಬಂದರಿನ ಕಚೇರಿಯ ಗುಮಾಸ್ತ ಕೇರಿಯ ಹೆಬ್ಬಾಗಿಲಲ್ಲಿ ನಿಂತು ಓದಿದ. ಎಲ್ಲ ಮನೆಗಳ ಹೆಂಗಸರನ್ನೂ ಬೀದಿಗೆ ಕರೆಸಿದ್ದರು. ಅರ್ಧ ಜನ ತಲೆ ಬಾಚಿರಲಿಲ್ಲ. ಮನುಷ್ಯರನ್ನು ಮಾರುವುದು, ಕೊಳ್ಳುವುದು ಇನ್ನು ಮೇಲೆ ಅಪರಾಧವಂತೆ. ಸೂಳೆಗೇರಿಯ ಹೆಂಗಸರೆಲ್ಲ ಬಿಡುಗಡೆಯಂತೆ. ಯಜಮಾನರು ಕೊಟ್ಟ ಮುಂಗಡವನ್ನು ವಾಪಸು ಕೇಳುವಂತಿಲ್ಲ. ಯಾಕೆ ಕೇಳುವಂತಿಲ್ಲ ಎಂಬುದಕ್ಕೂ ಕಾರಣ ಬರೆದಿದ್ದಾರೆ. ಈ ಹೆಂಗಸರು ಮನುಷ್ಯರ ಹಕ್ಕು ಕಳೆದುಕೊಂಡವರು, ದನ ಕುದುರೆಗಳಿಗೆ ಸಮಾನರು. ದನ ಕುದುರೆಗಳ ಹತ್ತಿರ ಯಾರಾದರೂ ವಾಪಸು ಕೇಳುವುದುಂಟೆ? ನಾನು ಸೇರಿಸಿದ್ದಲ್ಲ. ಹಾಗೆಯೇ ಓದಿದ. ಓದುವಾಗ ಅವನು ಒಂದು ಸಲವೂ ತಡವರಿಸಲಿಲ್ಲ.

ನನ್ನ ಪಕ್ಕದಲ್ಲಿ ಸುಗಿ ನಿಂತಿದ್ದಳು. ಶಿಮಾಬರಾ ಕಡೆಯ ಇದ್ದಿಲು ಸುಡುವವನ ಮಗಳು, ಹದಿನೇಳು ವರ್ಷ, ನನ್ನನ್ನು ಅಕ್ಕ ಎನ್ನುತ್ತಾಳೆ.

“ಅಕ್ಕಾ, ನಾನು ದನವಾ, ಕುದುರೆಯಾ?” ಎಂದಳು.

“ನೀನು ತಿನ್ನೋದು ನೋಡಿದ್ರೆ ಕುದುರೆನೇ” ಎಂದೆ.

ಹಿಂದಿನಿಂದ ಯಾರೋ “ಹಂಗಾದ್ರೆ ನಮ್ಮ ಮೇಲೆ ಬಂದೋರು ಏನಂತೆ? ಕೇಳ್ರೇ ಅವನ್ನ!” ಎಂದರು. ನಗು ಎದ್ದಿತು. ಗುಮಾಸ್ತ ಕಾಗದ ಸುತ್ತಿಕೊಂಡು ಹೋದ. ಯಾರೂ ಕುಣಿಯಲಿಲ್ಲ. ಒಳಗೆ ಬಂದು ಬಾರ್ಲಿ ಗಂಜಿ ಕುಡಿದೆವು.

ಇನ್ನು ಷರತ್ತು. ಅವ್ವಾ, ಇದನ್ನು ಎರಡು ಸಲ ಓದಿಸಿಕೊ. ಬಿಡುಗಡೆಯಾದವಳು ತಾನಾಗಿ ನಡೆದು ಹೋಗುವಂತಿಲ್ಲ. ಮನೆಯವರು ಯಾರಾದರೂ ಖುದ್ದಾಗಿ ಬರಬೇಕು. ಮನೆಯ ಮುದ್ರೆ ತರಬೇಕು. ಊರ ಮುಖಂಡನ ಕಾಗದ ತರಬೇಕು. ಹನ್ನೆರಡನೇ ತಿಂಗಳ ಇಪ್ಪತ್ತರೊಳಗೆ ಕಚೇರಿಗೆ ಬಂದು, ಬಿಡುಗಡೆ ಕಾಗದಕ್ಕೆ ಮುದ್ರೆ ಒತ್ತಿ, ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ಯಾರೂ ಬರದಿದ್ದರೆ ನಾವು ಒಂದು ಅರ್ಜಿಗೆ ಹೆಬ್ಬೆಟ್ಟು ಹಾಕಬೇಕು: ‘ನಾನು ನನ್ನ ಸ್ವಂತ ಇಚ್ಛೆಯಿಂದ ಈ ಕಸುಬು ಮಾಡುತ್ತೇನೆ, ಪರವಾನಗಿ ದಯಪಾಲಿಸಿ.’ ಅಲ್ಲಿಂದಾಚೆಗೆ ಇದು ಸೂಳೆಮನೆ ಅಲ್ಲ, ಕೋಣೆ ಬಾಡಿಗೆಗೆ ಕೊಡುವ ಮನೆ. ನಾವು ಬಾಡಿಗೆದಾರರು. ಯಜಮಾನಿ ಕಾನೆ ಬಾಗಿಲ ಹಲಗೆಗೆ ಹೊಸ ಅಕ್ಷರ ಬರೆಸಲು ಆಗಲೇ ಹೇಳಿಯಾಗಿದೆ.

ಅಣ್ಣನನ್ನು ಕಳಿಸು. ಮುದ್ರೆಯ ಚೀಲ ಅವನ ಕೊರಳಲ್ಲೇ ಇರುತ್ತದೆ. ನನಗೆ ಇಲ್ಲಿ ಓದುಬರಹ ಕಲಿಸಿದ್ದು ಗಿರಾಕಿಗಳಿಗೆ ಸುಳ್ಳು ಪತ್ರ ಬರೆಯಲು. ಒಂಬತ್ತು ವರ್ಷದಲ್ಲಿ ಅಂಥವು ಸಾವಿರ ಬರೆದಿದ್ದೇನೆ. ಇದು ನಿಜದ ಪತ್ರ.

ನಿನ್ನ ಮಗಳು
ಇನೆ

•

ಐದನೆಯ ವರ್ಷ, ಹನ್ನೊಂದನೆಯ ತಿಂಗಳು, ಆರು
ಅಮಾಕುಸಾ ದ್ವೀಪ, ಹಮಾಗೌರಾ

ಇನೆಗೆ,

ನಿನ್ನ ತಾಯಿ ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ಒಂದಕ್ಷರ ನುಂಗದೆ. ಜುನ್ಕೈ.

ಪತ್ರ ಬಂತು ಕಣೇ. ಗುರುಗಳು ಎರಡು ಸಲ ಓದಿದ್ರು. ದನದ ಮಾತು ಬಂದಾಗ ಅವರಿಗೇ ಕೆಮ್ಮು ಬಂತು. ನಾನು ಚೆನ್ನಾಗಿದೀನಿ. ಗೆಣಸು ಅಗೆದಾಯ್ತು, ಹೋಳು ಮಾಡಿ ಒಣಗಾಕಿದೀನಿ. ನಿಮ್ಮಣ್ಣಂಗೆ ಈ ವರ್ಷ ಬಲೆಯಲ್ಲಿ ಜಾಗ ಸಿಕ್ಕಿದೆ. ಬೂತಾಯಿ ಮೀನು ಬರೋ ಕಾಲ. ಒಂದು ದಿನ ತಪ್ಪಿಸಿದ್ರೆ ಜಾಗ ಇನ್ನೊಬ್ಬನ ಪಾಲು. ಹನ್ನೆರಡನೇ ತಿಂಗಳು ಹದಿನೇಳಕ್ಕೆ ಬಲೆ ಮೇಲಕ್ಕೆ ಎಳೀತಾರೆ, ಹದಿನೆಂಟಕ್ಕೆ ಹೊರಟ್ರೆ ಇಪ್ಪತ್ತಕ್ಕೆ ನಾಗಾಸಾಕಿ ಅಂತಾನೆ. ಸರಿಯಾಗಿ ಆಗುತ್ತೆ. ಮುಖಂಡನ ಹತ್ತಿರ ಕಾಗದಕ್ಕೂ ಹೇಳಿಟ್ಟಿದೀವಿ.

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಇಲ್ಲಿಗೆ ಬಂದು ಏನು ಮಾಡ್ತೀಯ? ಗೆಣಸು ಅಗೆಯೋಕೆ ಕೈ ಬರುತ್ತಾ ನಿಂಗೆ? ನಿಮ್ಮತ್ತಿಗೆ ಏನೋ ಅಂದ್ಲು, ಅದನ್ನ ಬರೀಬೇಡಿ ಗುರುಗಳೇ.

(ಬರೆದಿಲ್ಲ. ಜುನ್ಕೈ.)

ಬೆಚ್ಚಗಿರು.

ಅವ್ವ

•

ಐದನೆಯ ವರ್ಷ, ಹನ್ನೊಂದನೆಯ ತಿಂಗಳು, ಹತ್ತೊಂಬತ್ತು
ಇಸೊನೊ ಮನೆ

ಅವ್ವಾ,

ಅತ್ತಿಗೆ ಅಂದದ್ದನ್ನು ನೀನು ಬರೆಸದಿದ್ದರೂ ಕೇಳಿಸಿತು. ನಾನು ಬಂದರೆ ಅವಳ ಮಗಳಿಗೆ ಗಂಡು ಸಿಗುವುದಿಲ್ಲ ಎಂದಿರಬೇಕು. ಆ ಮಗು ಹುಟ್ಟಿದ ವರ್ಷ ಮನೆಯ ಮಾಡಿಗೆ ಹುಲ್ಲು ಹೊದಿಸಿದ್ದು ಯಾರ ದುಡ್ಡಿನಿಂದ ಎಂದು ಅವಳನ್ನು ಕೇಳು. ಬೇಡ, ಕೇಳಬೇಡ. ಅವಳಿಗೆ ಗೊತ್ತಿದೆ.

ಗೆಣಸು ಅಗೆಯಲು ಕೈ ಬರುತ್ತದೆಯೇ ಎಂದು ಕೇಳಿದ್ದೀಯ. ಇಲ್ಲಿ ನನಗೆ ಏನೇನು ಬರುತ್ತದೆ ಎಂದು ಪಟ್ಟಿ ಕೊಟ್ಟರೆ ಗುರುಗಳಿಗೆ ಓದಲಾಗುವುದಿಲ್ಲ. ಮಣ್ಣು ಅಗೆಯುವುದು ಅದಕ್ಕಿಂತ ಕಷ್ಟವಿರಲಾರದು.

ಅಣ್ಣ ಹದಿನೆಂಟರವರೆಗೆ ಕಾಯಬಾರದು. ಯಜಮಾನಿ ಇಡೀ ದಿನ ಸಕ್ಕರೆಯಾಗಿದ್ದಾಳೆ, ಅದೇ ನನಗೆ ಭಯ. ನಿನ್ನೆ ಎಲ್ಲರನ್ನೂ ಕೂರಿಸಿಕೊಂಡು ಅರ್ಜಿಯ ನಕಲು ಓದಿದಳು.

“ನೋಡ್ರಮ್ಮಾ, ಇನ್ಮೇಲೆ ನೀವೇ ನಿಮ್ಮ ಒಡತಿಯರು. ನಾನು ಬರೀ ಕೋಣೆ ಬಾಡಿಗೆಗೆ ಕೊಡೋಳು. ಊರಿಗೆ ಹೋಗಿ ಏನು ಮಾಡ್ತೀರಿ? ನಿಮ್ಮನ್ನ ಯಾರು ಹತ್ತಿರ ಸೇರಿಸ್ತಾರೆ?”

ಸುಗಿ ಕೇಳಿದಳು: “ನಾವೇ ಒಡತಿಯರು ಅಂದ್ರೆ, ಇವತ್ತು ತಲೆನೋವು, ಮಲಗ್ತೀನಿ ಅನ್ನಬಹುದಾ?”

“ಬಾಯಿ ಮುಚ್ಚೇ” ಎಂದಳು ಯಜಮಾನಿ. ಒಡೆತನ ಅಲ್ಲಿಗೆ ಮುಗಿಯಿತು.

ವಾರಕ್ಕೊಮ್ಮೆ ವೈದ್ಯ ಬಂದು ನೋಡುತ್ತಾನೆ. ಸಾಲಾಗಿ ನಿಲ್ಲಿಸುತ್ತಾರೆ, ಒಬ್ಬೊಬ್ಬರನ್ನೇ ಮಲಗಿಸುತ್ತಾರೆ. ರೋಗ ತಂದ ನಾವಿಕನನ್ನು ಯಾರೂ ಮಲಗಿಸುವುದಿಲ್ಲ. ನಾನು ಇದನ್ನು ಬಾಯಿಬಿಟ್ಟು ಹೇಳಿದೆ. ಪರದೇಶದ ಹಡಗಿನವರಿಗೆ ಕೋಪ ಬರುತ್ತದಂತೆ. ನಮಗೆ ಬರುವುದು ಲೆಕ್ಕಕ್ಕಿಲ್ಲ.

ಅಣ್ಣನಿಗೆ ಬಿಡುವಿಲ್ಲದಿದ್ದರೆ ಮುದ್ರೆ ಇಸಿದುಕೊಂಡು ನೀನು ಬಾ. ತೊಮಿಯೊಕಾದಲ್ಲಿ ದೋಣಿ ಹತ್ತಿದರೆ ಮೊಗಿಯಲ್ಲಿ ಇಳಿಯುವುದು. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ನಮ್ಮ ಕೇರಿಯೇ ಮೊದಲು ಸಿಗುತ್ತದೆ.

ಇನೆ

•

ಐದನೆಯ ವರ್ಷ, ಹನ್ನೆರಡನೆಯ ತಿಂಗಳು, ಒಂದು
ಇಸೊನೊ ಮನೆ

ಅವ್ವಾ, ಅಣ್ಣಾ,

ಈ ಪತ್ರ ತಲುಪಿದ ಕೂಡಲೇ ಹೊರಡಿ.

ನಾಡಿದ್ದು ಹೊಸ ವರ್ಷ. ನಾನು ಕುಡಿದಿಲ್ಲ. ಕಚೇರಿಯ ಗೋಡೆಗೆ ಕಾಗದ ಅಂಟಿಸಿದ್ದಾರೆ, ನಾನೇ ಓದಿದೆ. ಇನ್ನು ಮೇಲೆ ತಿಂಗಳುಗಳನ್ನು ಪರದೇಶದವರ ಹಾಗೆ ಎಣಿಸಬೇಕಂತೆ. ಹನ್ನೆರಡನೇ ತಿಂಗಳಿಗೆ ಈ ಸಲ ಎರಡೇ ದಿನ. ಇವತ್ತು ಒಂದು, ನಾಳೆ ಎರಡು. ಮೂರನೆಯ ದಿನ ಎನ್ನುವುದು ಆರನೆಯ ವರ್ಷದ ಮೊದಲ ತಿಂಗಳ ಒಂದು. ಉಳಿದ ದಿನಗಳನ್ನು ಸರ್ಕಾರ ತೆಗೆದುಹಾಕಿದೆ.

ಅಂದರೆ ಇಪ್ಪತ್ತು ಬರುವುದಿಲ್ಲ.

ಊರಿಗೆ ಹೋಗುವ ನಮ್ಮ ಗಡುವು ಏನಾಯಿತು ಎಂದು ಗುಮಾಸ್ತನನ್ನು ಕೇಳಿದೆ. ಅವನೂ ಕಾಗದವನ್ನೇ ನೋಡುತ್ತ ನಿಂತಿದ್ದ. “ಮೇಲಿನವರನ್ನ ಕೇಳ್ಬೇಕು” ಎಂದ. ಇಂಥದ್ದನ್ನು ಮೇಲಿನವರನ್ನು ಕೇಳಿದರೆ ಏನು ಹೇಳುತ್ತಾರೆ ಎನ್ನುವುದು ನನಗೆ ಗೊತ್ತು. ಬಲೆ ಬಿಡಲಿ, ಬೂತಾಯಿ ಬಿಡಲಿ. ಹೊರಡಿ.

ಪಡುವಣ ಗಾಳಿಗೆ ಮೊಗಿ ದೋಣಿ ನಿಂತಿದೆ ಎನ್ನುತ್ತಾರೆ. ದೋಣಿಯವನ ಕಾಲು ಹಿಡಿದಾದರೂ ಇದನ್ನು ಕಳಿಸುತ್ತೇನೆ.

ಇನೆ

•

ಐದನೆಯ ವರ್ಷ, ಹನ್ನೆರಡನೆಯ ತಿಂಗಳು, ಒಂಬತ್ತು
ಹಮಾಗೌರಾ

ಇನೆಗೆ,

ನಿನ್ನ ಒಂದನೆಯ ತಾರೀಖಿನ ಪತ್ರ ಇವತ್ತು ತಲುಪಿತು. ನಿನ್ನ ತಾಯಿ ಹೇಳುವುದಕ್ಕೆ ಮುಂಚೆ ನಾನೇ ಎರಡು ಮಾತು ಬರೆಯುತ್ತೇನೆ. ನಮ್ಮ ಗುಡಿಗಾಗಲಿ ಊರ ಮುಖಂಡನಿಗಾಗಲಿ ಇಂಥ ಸುದ್ದಿ ಬಂದಿಲ್ಲ. ಪೂರ್ವಿಕರಿಗೆ ಎಡೆ ಇಡುವುದು, ಬಿತ್ತುವುದು, ಬಲೆ ಬೀಸುವುದು ಎಲ್ಲ ತಿಂಗಳ ಲೆಕ್ಕದ ಮೇಲೆ ನಡೆಯುತ್ತದೆ. ಅದರಲ್ಲಿ ಇಪ್ಪತ್ತೇಳು ದಿನ ತೆಗೆದುಹಾಕಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಯಾರೋ ನಿನ್ನನ್ನು ಹೆದರಿಸಿದ್ದಾರೆ. ಜುನ್ಕೈ.

ಇನೆ, ಬೇಗ ಬರಲಿ ಅಂತ ಹಿಂಗೆಲ್ಲ ಬರೀಬಾರದಮ್ಮ. ನಿಮ್ಮಣ್ಣ ನಕ್ಕುಬಿಟ್ಟ. “ತಿಂಗಳನ್ನ ಕದಿಯೋಕೆ ಅದೇನು ಕೋಳಿನಾ?” ಅಂದ. ಚಿಕ್ಕೋಳಿದ್ದಾಗಲೂ ನೀನು ಹಿಂಗೇ, ಹೊಟ್ಟೆ ಹಸಿದ್ರೆ ಹೊತ್ತು ಮುಳುಗ್ತು ಅಂತ ಅಳ್ತಿದ್ದೆ. ಇವತ್ತು ಒಂಬತ್ತು. ಹದಿನೆಂಟಕ್ಕೆ ಹೊರಡ್ತಾನೆ. ಮುಖಂಡ ಕಾಗದ ಕೊಟ್ಟಾಯ್ತು. ಒಣಗಿಸಿದ ಗೆಣಸು ನಿನ್ನ ಪಾಲು ಬೇರೆ ಕಟ್ಟಿಟ್ಟಿದೀನಿ. ಇನ್ನು ಹನ್ನೊಂದೇ ದಿನ, ತಡ್ಕೊ.

ಅವ್ವ

•

ಇವರ ಲೆಕ್ಕದಲ್ಲಿ ಆರನೆಯ ವರ್ಷ, ಒಂದನೆಯ ತಿಂಗಳು, ಹನ್ನೆರಡು
ನಿಮ್ಮ ಲೆಕ್ಕದಲ್ಲಿ ಹನ್ನೆರಡನೆಯ ತಿಂಗಳು, ಹದಿನಾಲ್ಕು
ಇಸೊನೊ ಮನೆ

ಅವ್ವಾ,

ನಿಮ್ಮ ಪತ್ರ ನಿನ್ನೆ ಬಂತು. ಓದಿ ಹರಿದುಹಾಕಿದೆ.

ನಾನು ಸುಳ್ಳು ಬರೆಯುವವಳು ಎಂದು ಇಷ್ಟು ದಿನ ಗಿರಾಕಿಗಳು ಮಾತ್ರ ಹೇಳಬಹುದಿತ್ತು. ಇರಲಿ. ನಡೆದದ್ದನ್ನು ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವರ ನಾಲ್ಕನೆಯ ತಾರೀಖು ಯಜಮಾನಿ ನಮ್ಮನ್ನೆಲ್ಲ ಹಜಾರಕ್ಕೆ ಕರೆದಳು. ಗುಮಾಸ್ತ ಬಂದು ಕೂತಿದ್ದ. ಹನ್ನೊಂದು ಅರ್ಜಿ, ಒಂದು ಬಟ್ಟಲು ಮಸಿ.

“ಗಡುವು ಮುಗೀತು. ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಹಾಕಿ” ಎಂದ.

“ಗಡುವು ಇಪ್ಪತ್ತಲ್ವಾ ಸ್ವಾಮಿ?” ಎಂದೆ.

“ಹನ್ನೆರಡನೇ ತಿಂಗಳ ಇಪ್ಪತ್ತು. ಹನ್ನೆರಡನೇ ತಿಂಗಳು ಮುಗಿದಿದೆ. ತಿಂಗಳೇ ಮುಗಿದ ಮೇಲೆ ಅದರೊಳಗಿನ ಇಪ್ಪತ್ತು ಮುಗೀಲಿಲ್ವಾ?”

“ಯಾವತ್ತು ಮುಗೀತು? ನಾನು ಇಲ್ಲೇ ಇದ್ದೆ. ನೋಡ್ಲಿಲ್ಲ.”

“ಏಯ್, ತರ್ಲೆ ಮಾತು ಬೇಡ.”

“ತರ್ಲೆ ಅಲ್ಲ. ನೀವೇ ಬೀದೀಲಿ ನಿಂತು ಓದಿದ್ದು. ಇಪ್ಪತ್ತರವರೆಗೆ ನಾನು ಕಾಯಬೇಕು ಅಂತ. ಕಾಯ್ತಿದೀನಿ. ಬಂದ ಮೇಲೆ ಹೇಳಿ, ಹೆಬ್ಬೆಟ್ಟು ಹಾಕ್ತೀನಿ.”

ಗುಮಾಸ್ತ ಯಜಮಾನಿಯ ಮುಖ ನೋಡಿದ. ಬಲವಂತವಾಗಿ ಕೈ ಹಿಡಿದು ಒತ್ತಿಸುವಂತಿಲ್ಲ, ಯಾಕೆಂದರೆ ಕಾಗದದಲ್ಲಿ ‘ಸ್ವಂತ ಇಚ್ಛೆ’ ಎಂದಿದೆ. ಹಾಗೆ ಒತ್ತಿಸಿದ್ದು ತಿಳಿದರೆ ಪರದೇಶದ ಪತ್ರಿಕೆಗಳಲ್ಲಿ ಬರುತ್ತದೆ ಎಂಬ ಭಯ ಅವನಿಗೆ. ಬರೆದುಕೊಳ್ಳುವುದಕ್ಕೆ ನಮ್ಮ ಇಚ್ಛೆ ಬೇಕು, ಅಷ್ಟರಮಟ್ಟಿಗೆ ನಾವು ದನಗಳಲ್ಲ.

ಒಂಬತ್ತು ಜನ ಹಾಕಿದರು. ಬೈಯಲಾರೆ. ನಾನೂ ಸುಗಿಯೂ ಉಳಿದೆವು. ಅಂದಿನಿಂದ ನಮ್ಮಿಬ್ಬರಿಗೆ ಅನ್ನವಿಲ್ಲ, ಗಂಜಿಯ ತಿಳಿ ಮಾತ್ರ. ಹಾಸಿಗೆ ಎತ್ತಿಕೊಂಡರು. ಮೂವತ್ತೆರಡು ಮೆಟ್ಟಿಲು, ಎರಡು ಪಡಸಾಲೆ ದಿನಾ ತಣ್ಣೀರಲ್ಲಿ ಒರೆಸಬೇಕು. ಯಜಮಾನಿ ಹೊಡೆಯಲಿಲ್ಲ. ಅವಳಿಗೆ ನಮ್ಮ ಚರ್ಮ ಬೇಕು.

ನಿನ್ನೆ ನಿಮ್ಮ ಪತ್ರ ಬಂದಾಗ ಸುಗಿ ಪಕ್ಕದಲ್ಲೇ ಇದ್ದಳು. “ಅಕ್ಕಾ, ಏನಂತೆ?” ಎಂದಳು. ಸುಳ್ಳು ಹೇಳಬೇಕಿತ್ತು. ಆ ಕಸುಬು ಚೆನ್ನಾಗಿ ಬರುವವಳು ನಾನು. ಆದರೆ ಕೋಪದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟೆ. ಅವಳು ನೆಲ ಒರೆಸುವ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಳು.

“ನಿಮ್ಮೋರು ಪತ್ರನಾದ್ರೂ ಬರೀತಾರೆ. ನಮ್ಮಪ್ಪ ಬರಲ್ಲ ಅಕ್ಕಾ. ಬರೋನಾಗಿದ್ರೆ ಇಷ್ಟೊತ್ತಿಗೆ ಬಂದಿರ್ತಿದ್ದ. ಹೊಟ್ಟೆ ಹಸಿವು.”

ಎದ್ದು ಹೋಗಿ ಹೆಬ್ಬೆಟ್ಟು ಹಾಕಿ ಬಂದಳು. ಆಮೇಲೆ ಒಂದು ಬೋಗುಣಿ ಅನ್ನ ತಂದು ಅರ್ಧ ನನ್ನ ಮುಂದೆ ಇಟ್ಟಳು. ತಿಂದೆ ಅವ್ವಾ. ತಿನ್ನಬಾರದಿತ್ತು.

ಈಗ ನಾನು ಒಬ್ಬಳೇ. ಆ ಇಪ್ಪತ್ತನ್ನು ಹಿಡಿದುಕೊಂಡು ಕೂತಿದ್ದೇನೆ. ನಿಮ್ಮ ಲೆಕ್ಕದ ಇಪ್ಪತ್ತರ ಬೆಳಗ್ಗೆ ಕಚೇರಿ ಬಾಗಿಲು ತೆಗೆಯುವಾಗ ಯಾರಾದರೂ ಮುದ್ರೆ ಹಿಡಿದು ನಿಂತಿದ್ದರೆ ನನಗೆ ಹೇಳಲು ಒಂದು ಮಾತಿದೆ. ಇಪ್ಪತ್ತೊಂದಕ್ಕೆ ಬಂದರೆ ಏನೂ ಇಲ್ಲ. ಆಮೇಲೆ ಬರಬೇಡಿ, ಗೆಣಸನ್ನು ನೀವೇ ತಿನ್ನಿ.

ಇನೆ

•

ಹನ್ನೆರಡನೆಯ ತಿಂಗಳು, ಹದಿನೆಂಟು
ಹಮಾಗೌರಾ

ಇನೆಗೆ, ತೊರಾಕಿಚಿ ಬರೆಸಿದ್ದು.

ನಿನ್ನ ಪತ್ರ ನಿನ್ನೆ ಬಂತು. ಅದೇ ಹೊತ್ತಿಗೆ ಮುಖಂಡನ ಮನೆಗೂ ಸರ್ಕಾರದ ಕಾಗದ ಬಂತು. ನೀನು ಬರೆದದ್ದು ನಿಜ. ಗುರುಗಳು ಅದನ್ನು ಓದಿ, ಗುಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಗೆ ಹೊರಗೆ ಬಂದರು.

ನಾನು ಅವ್ವನಿಗೆ ಹೇಳಿದೆ: ಗಡುವು ಮುಗಿದಿದೆ, ಕಚೇರಿಯೇ ಹಾಗೆ ಹೇಳಿದ ಮೇಲೆ ಹೋಗಿ ಪ್ರಯೋಜನವಿಲ್ಲ, ಮುಗಿದದ್ದು ಮುಗಿಯಿತು. ನಾನು ಬಲೆ ಎಳೆದು ಬಂದು ಸ್ನಾನಕ್ಕೆ ಇಳಿದಿದ್ದೆ. ಮುದ್ರೆಯ ಚೀಲ ಗೂಟದಲ್ಲಿತ್ತು. ಮೈ ಒರೆಸಿಕೊಂಡು ಬರುವಷ್ಟರಲ್ಲಿ ಚೀಲವೂ ಇಲ್ಲ, ಮುಖಂಡನ ಕಾಗದವೂ ಇಲ್ಲ, ಅವ್ವನೂ ಇಲ್ಲ. ತೊಮಿಯೊಕಾ ಕಡೆಗೆ ಹೋದಳು ಎಂದು ಪಕ್ಕದ ಮನೆಯವರು ಹೇಳಿದರು.

ನಿನಗೆ ಎಚ್ಚರಿಕೆ ಹೇಳಲು ಬರೆಸುತ್ತಿದ್ದೇನೆ. ಅವ್ವನಿಗೆ ಅಕ್ಷರ ಬಾರದು. ಯಾವ ಕಾಗದ ಮುಂದಿಟ್ಟರೂ ಒತ್ತುತ್ತಾಳೆ. ಆ ಅರ್ಜಿಯ ಮೇಲೆ ಒತ್ತಿದರೆ ನಿನ್ನ ಮನೆಯವರೂ ಒಪ್ಪಿದ್ದಾರೆ ಎಂದಾಗುತ್ತದೆ. ಆಮೇಲೆ ನನ್ನನ್ನು ಬೈಯಬೇಡ. ಮುದ್ರೆಯನ್ನು ಜೋಪಾನವಾಗಿ ವಾಪಸು ಕಳಿಸು. ಅದಿಲ್ಲದೆ ನನಗೆ ಬಲೆಯ ಪಾಲು ಬರುವುದಿಲ್ಲ.

ತೊರಾಕಿಚಿ

•

ಆರನೆಯ ವರ್ಷ, ಒಂದನೆಯ ತಿಂಗಳು, ಇಪ್ಪತ್ತನಾಲ್ಕು
ನಾಗಾಸಾಕಿ, ಕಲ್ಲಿದ್ದಲು ಕಟ್ಟೆಯ ಹಿಂದಿನ ಓಣಿ

ತೊರಾಕಿಚಿ ಅಣ್ಣನಿಗೆ,

ನಿನ್ನ ಪತ್ರ ಎರಡು ದಿನ ತಡವಾಗಿ ಬಂತು. ಇದನ್ನು ಅವ್ವನ ಕೈಯಲ್ಲೇ ಕಳಿಸುತ್ತಿದ್ದೇನೆ, ಮುದ್ರೆಯ ಚೀಲದ ಜೊತೆಗೆ. ನಡೆದದ್ದನ್ನು ಅವ್ವ ಹೇಳಿದರೆ ನೀನು ನಗುತ್ತೀಯ, ಆದ್ದರಿಂದ ಬರೆಯುತ್ತೇನೆ.

ಇಪ್ಪತ್ತರ ಬೆಳಗ್ಗೆ ಅವ್ವ ಮೊಗಿಯ ಗುಡ್ಡ ಇಳಿದು ಬಂದಳು. ಅವಳು ಒಬ್ಬಳೇ ಬರಲಿಲ್ಲ. ದಾರಿಯಲ್ಲಿ ಒಬ್ಬೊಬ್ಬರಾಗಿ ಸೇರಿದರಂತೆ. ಕಚೇರಿಯ ಅಂಗಳದಲ್ಲಿ ಎಣಿಸಿದಾಗ ಹದಿನಾಲ್ಕು ಜನ. ಅಮಾಕುಸಾದವರು, ಶಿಮಾಬರಾದವರು, ದೂರದ ಗೊತೊ ದ್ವೀಪದವನೊಬ್ಬ. ಅಪ್ಪಂದಿರು, ತಾಯಂದಿರು, ಒಬ್ಬಳು ಅಜ್ಜಿ. ಎಲ್ಲರ ಕೈಯಲ್ಲೂ ಮುದ್ರೆ, ಮುಖಂಡನ ಕಾಗದ. ಎಲ್ಲರೂ ನಿಮ್ಮ ಹಾಗೆಯೇ ಬಲೆ ಎಂದು, ಇದ್ದಿಲ ಗೂಡು ಎಂದು, ಕೊನೆಯ ದಿನಕ್ಕೆ ಸರಿಯಾಗಿ ಲೆಕ್ಕ ಹಾಕಿಕೊಂಡು ಬಂದವರು. ಒಬ್ಬರು ತಪ್ಪು ಮಾಡಿದ್ದರೆ ಹಳ್ಳಿಯ ಮುಕ್ಕ ಎಂದು ಓಡಿಸುತ್ತಿದ್ದರು. ಹದಿನಾಲ್ಕು ಜನ ಒಂದೇ ತಪ್ಪು ಮಾಡಿ ಒಂದೇ ಬೆಳಗ್ಗೆ ಬಂದು ನಿಂತರೆ, ಓಡಿಸುವವನಿಗೂ ಕೈಕಾಲು ಆಡುವುದಿಲ್ಲ.

ಗುಮಾಸ್ತ ಹೇಳಿದ್ದನ್ನೇ ಹೇಳಿದ: “ಇವತ್ತು ಒಂದನೇ ತಿಂಗಳ ಹದಿನೆಂಟು. ಗಡುವು ಮುಗಿದು ಎಷ್ಟೋ ದಿನ ಆಯ್ತು.”

ಅವ್ವ ಮುಂದೆ ಬಂದಳಂತೆ. “ಇವತ್ತು ಇಪ್ಪತ್ತು” ಎಂದಳಂತೆ.

“ಅಜ್ಜೀ, ಅದು ಹಳೇ ಲೆಕ್ಕ. ಅದು ಈಗ ಇಲ್ಲ.”

ಆಗ ಅವ್ವ ಕೈ ಎತ್ತಿ ತೋರಿಸಿದಳು. ಕೊಲ್ಲಿಯ ಆಚೆ, ಇನಾಸಾ ಗುಡ್ಡದ ಮೇಲೆ, ಬಿಸಿಲಲ್ಲಿ ಬೆಳ್ಳಗೆ ಚಂದ್ರ ಇನ್ನೂ ಮುಳುಗಿರಲಿಲ್ಲ. ಒಂದು ಅಂಚು ಸವೆದಿತ್ತು.

“ಅದು ಇಪ್ಪತ್ತರ ಚಂದ್ರ. ನಲವತ್ತು ವರ್ಷ ಮೀನಿನವರ ಮನೇಲಿ ಬಾಳ್ವೆ ಮಾಡಿದೀನಿ, ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲ ಅನ್ನೋದಾದ್ರೆ ಅದನ್ನೂ ತೆಗೆಸಿಬಿಡು. ನಾವು ಮನೆಗೆ ಹೋಗ್ತೀವಿ.”

ಹದಿನಾಲ್ಕು ಜನವೂ ತಿರುಗಿ ನೋಡಿದರು. ಗುಮಾಸ್ತನೂ ನೋಡಿದ. ಒಳಗಿನಿಂದ ಅವನ ಮೇಲಿನವನೂ ಹೊರಗೆ ಬಂದು ನೋಡಿದ. ಹೊರಗೆ ರಸ್ತೆಯಲ್ಲಿ ಇಬ್ಬರು ಪರದೇಶಿ ವ್ಯಾಪಾರಿಗಳೂ ನಿಂತುಕೊಂಡು, ಇವರೆಲ್ಲ ಏನು ನೋಡುತ್ತಿದ್ದಾರೆ ಎಂದು ಕತ್ತೆತ್ತಿದರು. ಮೇಲಿನವನಿಗೆ ಕೆಲಸ ಬೇಗ ಮುಗಿಯಬೇಕಿತ್ತು. “ಅರ್ಜಿ ಹಾಕದೆ ಇರೋರನ್ನ ಬಿಟ್ಟುಬಿಡು. ಅರ್ಜಿ ಹಾಕಿದೋರು ಹಾಕಿದ ಹಾಗೇ” ಎಂದು ಒಳಗೆ ಹೋದ.

ನನ್ನನ್ನು ಕರೆಸಿದರು. ಯಜಮಾನಿ ನನಗಿಂತ ಮುಂಚೆ ಓಡಿ ಬಂದಿದ್ದಳು. ನೀನು ಹೆದರಿದ ಕೆಲಸವನ್ನೇ ಮಾಡಿದಳು. ನಾನು ಒಳಗೆ ಕಾಲಿಡುವಾಗ ಅವ್ವನ ಮುಂದೆ ಕೂತು, ಒಂದು ಕಾಗದ ಚಾಚಿ, “ಇಲ್ಲಿ ಒತ್ತಿಬಿಡಿ ದೊಡ್ಡಮ್ಮಾ, ಮಗಳನ್ನ ಕರ್ಕೊಂಡು ಹೋಗಿ” ಎನ್ನುತ್ತಿದ್ದಳು.

“ಓದು” ಎಂದಳು ಅವ್ವ.

ಯಜಮಾನಿಯ ಆಳು ಏನೋ ಚೆನ್ನಾಗಿ ಓದಿದ.

“ನೀನಲ್ಲ. ನನ್ನ ಮಗಳು ಓದ್ಲಿ. ಒಂಬತ್ತು ವರ್ಷದ ಹಿಂದೆ ನಿನ್ನಂಥೋನೇ ಒಬ್ಬ ಓದಿದ್ದ, ನೇಯ್ಗೆ ಕಲಿಸೋ ಮನೆ ಅಂತ. ನನ್ನ ಗಂಡ ಒತ್ತಿದ. ಆಮೇಲೆ ಬದುಕಿರೋವರೆಗೂ ಅವನು ಮಗ್ಗದ ಶಬ್ದ ಕೇಳಿದ ಕಡೆ ನಿಲ್ತಿರಲಿಲ್ಲ.”

ಇದನ್ನು ನಾನು ಮೊದಲ ಸಲ ಕೇಳಿದ್ದು, ಅಣ್ಣಾ. ಅಪ್ಪನಿಗೆ ಗೊತ್ತಿತ್ತು ಎಂದುಕೊಂಡು ಒಂಬತ್ತು ವರ್ಷ ಬೈದುಕೊಂಡಿದ್ದೆ. ನಿನಗೆ ಗೊತ್ತಿತ್ತೋ ಇಲ್ಲವೋ ಕೇಳುವುದಿಲ್ಲ.

ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದೆ. ‘ನಾನು ನನ್ನ ಸ್ವಂತ ಇಚ್ಛೆಯಿಂದ...’ ಅಷ್ಟು ಓದುವುದರೊಳಗೆ ಅವ್ವ ಚೀಲದಿಂದ ಮುದ್ರೆ ತೆಗೆದು ಬಾಯೊಳಗೆ ಹಾಕಿಕೊಂಡುಬಿಟ್ಟಳು. ದವಡೆ ಕಚ್ಚಿ ಕೂತಳು. ಯಜಮಾನಿ ಬೇಡಿದಳು, ಗುಮಾಸ್ತ ಗದರಿಸಿದ, ಅವ್ವನ ಕೆನ್ನೆ ಒಂದು ಕಡೆ ಉಬ್ಬಿಕೊಂಡೇ ಇತ್ತು. ಸರಿಯಾದ ಕಾಗದ ಬಂದು, ನಾನು ಮೇಲಿನಿಂದ ಕೆಳಗೆ ಓದಿ ತಲೆ ಆಡಿಸಿದ ಮೇಲೆ ಉಗಿದು ತೆಗೆದಳು. ಬಿಡುಗಡೆ ಕಾಗದದ ಮೇಲೆ ಮುದ್ರೆ ಸ್ವಲ್ಪ ಮಸುಕಾಗಿದೆ. ಆದರೂ ನಿನ್ನ ಹೆಸರು ಓದಲು ಬರುತ್ತದೆ. ನೀನು ಬಾರದಿದ್ದರೂ ನನ್ನನ್ನು ಬಿಡಿಸಿದವನು ತೊರಾಕಿಚಿ ಎಂದೇ ಸರ್ಕಾರದ ಕಡತದಲ್ಲಿ ಇರುತ್ತದೆ. ಬೇಕಾದರೆ ಹೆಮ್ಮೆ ಪಡು, ಬೇಡದಿದ್ದರೆ ಅತ್ತಿಗೆಗೆ ಹೇಳಬೇಡ.

ಆ ಹದಿನಾಲ್ಕರಲ್ಲಿ ಮಗಳನ್ನು ಕರೆದುಕೊಂಡು ಹೋದವರು ಮೂವರು. ಉಳಿದ ಹನ್ನೊಂದು ಜನರ ಮಕ್ಕಳು ಹೆಬ್ಬೆಟ್ಟು ಹಾಕಿಬಿಟ್ಟಿದ್ದರು. ಹನ್ನೊಂದು ಮುದ್ರೆ ಹನ್ನೊಂದು ಚೀಲದಲ್ಲೇ ಉಳಿದವು.

ಅವರಲ್ಲೊಬ್ಬ, ಉಗುರುಗಳಲ್ಲಿ ಇದ್ದಿಲ ಕಪ್ಪು ಕೂತ ಮುದುಕ, ನನ್ನ ಹತ್ತಿರ ಬಂದು, “ಅಮ್ಮಾ, ನೀನು ಇಸೊನೊ ಮನೆಯೋಳಾ? ಅಲ್ಲಿ ಸುಗಿ ಅಂತ ಇದಾಳಾ? ತಿಂದುಕೊಂಡು ಇದಾಳಾ?” ಎಂದು ಕೇಳಿದ. ಹೆಯ್‌ಕಿಚಿ ಅವನ ಹೆಸರು. ಮೂರು ದಿನ ನಡೆದು ಬಂದಿದ್ದ. ಇದ್ದಾಳೆ ಎಂದೆ. ಏಳು ದಿನದ ಹಿಂದಿನವರೆಗೂ ಕಾದಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವ್ವ ಹೇಳಿದಳು. ಅವನ ಪಕ್ಕ ನೆಲದ ಮೇಲೆ ಕೂತು, ಅವನ ಹೆಗಲ ಮೇಲೆ ಕೈ ಇಟ್ಟು, ನಾವು ಬರೆಸಿದ ಪತ್ರದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಬೈದಿದ್ದರೆ ವಾಸಿಯಿತ್ತು. “ನಂಗೆ ಬರೆಯೋಕೆ ಬರಲ್ಲಮ್ಮ” ಎಂದ. ಅಷ್ಟೇ.

ನಾನು ಊರಿಗೆ ಬರುವುದಿಲ್ಲ. ಅತ್ತಿಗೆಗೆ ಹೆದರಿ ಅಲ್ಲ. ಹಬೆ ಹಡಗುಗಳಿಗೆ ಕಲ್ಲಿದ್ದಲು ತುಂಬುವ ಹೆಂಗಸರ ಸಾಲಿನಲ್ಲಿ ಕೆಲಸ ಸಿಕ್ಕಿದೆ. ಏಣಿಯ ಮೇಲೆ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಸಂಜೆಗೆ ಮುಖ ಗುರುತು ಸಿಗದಷ್ಟು ಕಪ್ಪಾಗುತ್ತದೆ. ಮೊನ್ನೆ ಒಬ್ಬ ಹಳೆಯ ಗಿರಾಕಿ ಪಕ್ಕದಲ್ಲೇ ಹಾದುಹೋದ, ಗೊತ್ತಾಗಲಿಲ್ಲ. ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಡುತ್ತಾರೆ. ಅಷ್ಟು ಹೊತ್ತು ಕಚೇರಿಗೆ ಹೋಗಿ ಬರಲು ಸಾಕು.

ಹೆಯ್‌ಕಿಚಿ ಮಾಮ ಊರಿಗೆ ಹೋಗಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಅವನಿಗೆ ಬರೆಯಲು ಬಾರದಿದ್ದರೆ ನನಗೆ ಬರುತ್ತದಲ್ಲ. ನಿನ್ನೆ ಸುಗಿಯ ಪರವಾಗಿ ಒಂದು ಅರ್ಜಿ ಬರೆದೆ. ಬೆಳಗ್ಗೆ ನೀರು ತರುವ ನೆಪದಲ್ಲಿ ಅವಳು ಬಾವಿಕಟ್ಟೆಗೆ ಬಂದಾಗ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಮುದುಕ ಕೆಳಗೆ ಮುದ್ರೆ ಒತ್ತಿದ. ಎರಡೇ ಸಾಲು: ‘ಸ್ವಂತ ಇಚ್ಛೆಯಿಂದ ಈ ಕಸುಬಿಗೆ ಬಂದೆ ಎಂದು ನೀವೇ ಬರೆದುಕೊಂಡಿದ್ದೀರಿ. ಈಗ ಸ್ವಂತ ಇಚ್ಛೆಯಿಂದ ಬಿಟ್ಟು ಹೋಗುತ್ತೇನೆ.’

ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಬಿಟ್ಟು ಹೋಗೋ ಅರ್ಜಿಗೆ ನಮೂನೆನೇ ಇಲ್ಲ ನಮ್ಮಲ್ಲಿ” ಎಂದ.

“ಹಂಗಾದ್ರೆ ಇದನ್ನೇ ನಮೂನೆ ಮಾಡ್ಕೊಳ್ಳಿ” ಎಂದೆ. “ನಾಳೆ ಇನ್ನೂ ಹತ್ತು ತರ್ತೀನಿ.”

ಕಲ್ಲಿದ್ದಲು ಹೊರುವ
ಇನೆ